ಕಾಡಿಗಿಂತ ನಡಿಗೆ ನೋಡಿ: 1967ರ ‘ದಿ ಜಂಗಲ್ ಬುಕ್’, ಮಲೆನಾಡಿನ ಮನೆಗಳಿಗಾಗಿ

‘ಜಂಗಲ್ ಬುಕ್’ ಅಂತ ಹುಡುಕಿದರೆ ಒಂದಕ್ಕಿಂತ ಹೆಚ್ಚು ಸಿನಿಮಾ ಎದುರಾಗುತ್ತವೆ. ತೊಂಬತ್ತರ ದಶಕದಲ್ಲಿ ದೂರದರ್ಶನದ ಭಾನುವಾರಗಳಲ್ಲಿ ಬಂದದ್ದು ಜಪಾನಿನ ಧಾರಾವಾಹಿ. 2016ರದ್ದು ಕಂಪ್ಯೂಟರ್ ಗ್ರಾಫಿಕ್ಸಿನ ಸಿನಿಮಾ, 106 ನಿಮಿಷ. 2003ರದ್ದು ‘ಭಾಗ ಎರಡು’; ಅದನ್ನು ಬಿಟ್ಟರೂ ನಷ್ಟವಿಲ್ಲ. ಇಲ್ಲಿ ಬರೆಯುತ್ತಿರುವುದು 1967ರ ಡಿಸ್ನಿ ಸಿನಿಮಾದ ಬಗ್ಗೆ: ಪೂರ್ತಿ ಕೈಯಲ್ಲಿ ಬರೆದದ್ದು, 78 ನಿಮಿಷ, ನಿರ್ದೇಶನ ವುಲ್ಫ್‌ಗ್ಯಾಂಗ್ ರೈಥರ್‌ಮನ್. ಆ್ಯಪಿನಲ್ಲಿ ಒತ್ತುವ ಮೊದಲು ಇಸವಿ ನೋಡಿಕೊಳ್ಳಿ. ಐದಾರು ವರ್ಷದ ಮಗುವಿಗೆ 2016ರದ್ದನ್ನು ಹಾಕಿದರೆ ಹುಲಿ ಹಾರುವ ಮೊದಲ ದೃಶ್ಯಕ್ಕೇ ಅದು ಅಮ್ಮನ ಮಡಿಲು ಸೇರುತ್ತದೆ. ಅದಕ್ಕೆ ಸೆನ್ಸಾರ್ ಮಂಡಳಿ ಯು/ಎ ಕೊಟ್ಟದ್ದು ಸುಮ್ಮನೆ ಅಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಸಿನಿಮಾದ ಕಥೆ ತೆಳು, ಕಾಡು ಅರ್ಧಕ್ಕರ್ಧ ಕಲ್ಪನೆ. ಆದರೆ ಪೆನ್ಸಿಲ್ಲಿನಲ್ಲಿ ಬರೆದ ಪ್ರಾಣಿಗೆ ಮೈಭಾರ, ನಡಿಗೆ, ಗತ್ತು ಇಷ್ಟು ಚೆನ್ನಾಗಿ ಬಂದಿರುವ ಸಿನಿಮಾ ಬಹಳ ಇಲ್ಲ. ಕಾಡು ನೋಡಬೇಕೆಂದರೆ ಚಿಕ್ಕಮಗಳೂರು, ಹಾಸನದ ಮಕ್ಕಳಿಗೆ ಮುತ್ತೋಡಿ, ಬಿಸಿಲೆ ಹತ್ತಿರದಲ್ಲೇ ಇವೆ. ಒಂದು ಕಾಗದದ ಹುಲಿ ಹೇಗೆ ಉಸಿರಾಡುತ್ತದೆ ಅನ್ನುವುದನ್ನು ನೋಡಬೇಕೆಂದರೆ ಈ ಸಿನಿಮಾ ಬೇಕು.

ಕಥೆ ಯಾಕೆ ತೆಳು ಅನ್ನುವುದಕ್ಕೆ ಕಾರಣ ಇದೆ. ಮೂಲ ಬರೆದ ರಡ್ಯಾರ್ಡ್ ಕಿಪ್ಲಿಂಗ್ 1865ರಲ್ಲಿ ಮುಂಬೈಯಲ್ಲಿ ಹುಟ್ಟಿದವರು. ಮೋಗ್ಲಿ ಕಥೆಗಳ ಪುಸ್ತಕ ಬಂದದ್ದು 1894ರಲ್ಲಿ, ಅವರು ಅಮೆರಿಕದ ವರ್ಮಾಂಟಿನಲ್ಲಿ ಇದ್ದಾಗ. ಕಥೆ ನಡೆಯುವುದು ಮಧ್ಯಪ್ರದೇಶದ ಸಿವನಿ ಬೆಟ್ಟಗಳಲ್ಲಿ, ವೈನ್‌ಗಂಗಾ ನದಿಯ ಸುತ್ತ. ಪುಸ್ತಕ ಗಂಭೀರ, ಅಲ್ಲಲ್ಲಿ ಕ್ರೂರ. ಡಿಸ್ನಿ ಕಂಪನಿಯ ಕಥೆಗಾರ ಬಿಲ್ ಪೀಟ್ ಮೊದಲು ತಯಾರಿಸಿದ ಆವೃತ್ತಿಯೂ ಅದೇ ಗಂಭೀರ ದಾರಿಯಲ್ಲಿತ್ತು. ವಾಲ್ಟ್ ಡಿಸ್ನಿಗೆ ಹಿಡಿಸಲಿಲ್ಲ. ಪೀಟ್ ಕಂಪನಿ ಬಿಟ್ಟರು. ಹೊಸ ತಂಡಕ್ಕೆ ವಾಲ್ಟ್ ಪುಸ್ತಕವನ್ನು ಬದಿಗಿಟ್ಟು ಪಾತ್ರಗಳನ್ನು ಹಿಡಿಯಿರಿ ಎಂದರು. ಆಮೇಲೆ 1966ರ ಡಿಸೆಂಬರ್ 15ರಂದು ತೀರಿಕೊಂಡರು. ಸಿನಿಮಾ ತೆರೆಗೆ ಬಂದದ್ದು 1967ರ ಅಕ್ಟೋಬರ್‌ನಲ್ಲಿ.

ಹೀಗಾಗಿ ಇಲ್ಲಿ ಇರುವುದು ಒಂದೇ ಎಳೆ. ಹುಲಿ ಶೇರ್ ಖಾನ್ ವಾಪಸು ಬಂದಿದ್ದಾನೆ, ತೋಳಗಳು ಸಾಕಿದ ಹುಡುಗ ಮೋಗ್ಲಿಯನ್ನು ಮನುಷ್ಯರ ಊರಿಗೆ ಸೇರಿಸಬೇಕು, ಹುಡುಗನಿಗೆ ಮನಸ್ಸಿಲ್ಲ. ಆ ಎಳೆಗೆ ಹೆಬ್ಬಾವು, ಆನೆ, ಕರಡಿ, ಮಂಗ, ರಣಹದ್ದು ಅಂತ ಒಂದೊಂದೇ ಪ್ರಸಂಗ ಪೋಣಿಸಿದ್ದಾರೆ. ಒಂದು ಪ್ರಸಂಗವನ್ನು ತೆಗೆದು ಇನ್ನೊಂದರ ಜಾಗದಲ್ಲಿ ಇಟ್ಟರೂ ಬಹಳ ವ್ಯತ್ಯಾಸ ಆಗುವುದಿಲ್ಲ. ದೊಡ್ಡವರಿಗೆ ಇದು ಕೊರತೆಯಾಗಿ ಕಾಣುತ್ತದೆ. ಚಿಕ್ಕ ಮಕ್ಕಳಿಗೆ ಮಾತ್ರ ಇದರಿಂದಲೇ ಅನುಕೂಲ: ಮಧ್ಯೆ ಎದ್ದು ನೀರು ಕುಡಿದು ಬಂದರೂ ದಾರಿ ತಪ್ಪುವುದಿಲ್ಲ.

ಈಗ ಗೆರೆಯ ವಿಷಯ. ಕೈಬರಹದ ಅನಿಮೇಷನ್ನಿನಲ್ಲಿ ಕಲಾವಿದ ಮೊದಲು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯುತ್ತಾನೆ. ಹಿಂದೆ ಆ ಗೆರೆಯನ್ನು ಶಾಯಿಯಲ್ಲಿ ತಿದ್ದಿ ಪಾರದರ್ಶಕ ಸೆಲ್ ಹಾಳೆಗೆ ಇಳಿಸಲು ಬೇರೆಯದೇ ವಿಭಾಗ ಇತ್ತು. ಅಲ್ಲಿ ಗೆರೆ ನುಣುಪಾಗುತ್ತಿತ್ತು, ಬರೆದವನ ಕೈಯ ಬಿಸಿ ಅರ್ಧ ಆರಿಹೋಗುತ್ತಿತ್ತು. 1961ರ ‘101 ಡಾಲ್ಮೇಷನ್ಸ್’ ಹೊತ್ತಿಗೆ ಡಿಸ್ನಿಯವರು ಝೆರಾಕ್ಸ್ ವಿಧಾನಕ್ಕೆ ಹೋದರು. ಪೆನ್ಸಿಲ್ ಗೆರೆ ಇದ್ದ ಹಾಗೇ ಸೆಲ್ ಮೇಲೆ ಮೂಡುತ್ತದೆ, ಹಾಳೆಯ ಹಿಂಬದಿಗೆ ಬಣ್ಣ ತುಂಬುತ್ತಾರೆ, ಅದನ್ನು ಹಿನ್ನೆಲೆ ಚಿತ್ರದ ಮೇಲಿಟ್ಟು ಒಂದೊಂದೇ ಫ್ರೇಮು ಕ್ಯಾಮೆರಾದಲ್ಲಿ ತೆಗೆಯುತ್ತಾರೆ. ‘ಜಂಗಲ್ ಬುಕ್’ ಈ ವಿಧಾನದ್ದು. ಹಣ ಉಳಿಸಲು ಮಾಡಿದ್ದು ನಿಜ, ಆದರೆ ಲಾಭ ನಮಗೂ ಆಗಿದೆ. ಕರಡಿ ಬಲೂ ಹತ್ತಿರ ಬಂದಾಗ ಒಮ್ಮೆ ನಿಲ್ಲಿಸಿ ನೋಡಿ: ಹೆಗಲಿನ ಅಂಚಿನಲ್ಲಿ ಒಂದೇ ಗೆರೆ ಇರುವುದಿಲ್ಲ, ಒರಟಾದ ಎರಡು ಮೂರು ಗೆರೆಗಳು, ಕೆಲವು ಕಡೆ ಅಳಿಸದೆ ಬಿಟ್ಟ ಕರಡು ಗೆರೆಯೂ ಕಾಣುತ್ತದೆ. ಸಿನಿಮಾ ಓಡುತ್ತಿರುವಾಗ ಅದೇ ಗೆರೆಗಳು ರೋಮ ಅಲುಗಿದಂತೆ ಕಾಣುತ್ತವೆ.

ಲೆಕ್ಕವನ್ನೂ ಮಕ್ಕಳಿಗೆ ಹೇಳಬಹುದು. ಸೆಕೆಂಡಿಗೆ 24 ಫ್ರೇಮು. 78 ನಿಮಿಷಕ್ಕೆ 1,12,320 ಫ್ರೇಮು. ಸಾಮಾನ್ಯ ಚಲನೆಗೆ ಒಂದು ಚಿತ್ರವನ್ನು ಎರಡು ಫ್ರೇಮಿಗೆ ಹಿಡಿಯುತ್ತಾರೆ, ಅಂದರೆ ಒಂದು ಪಾತ್ರಕ್ಕೆ ಸೆಕೆಂಡಿಗೆ 12 ಚಿತ್ರ. ಬಿರುಸಿನ ಓಟ, ಹಾರಾಟಕ್ಕೆ 24. ತೆರೆಯ ಮೇಲೆ ಮೂರು ಪಾತ್ರ ಇದ್ದರೆ ಮೂರಕ್ಕೂ ಬೇರೆ ಬೇರೆ ಬರೆಯಬೇಕು. ಆನೆಗಳ ಸಾಲಿನ ದೃಶ್ಯ ಬಂದಾಗ ಈ ಗುಣಾಕಾರ ನೆನಪಿಸಿ. ಚಿತ್ರ ಬರೆಯುವ ಹುಚ್ಚಿರುವ ಮಗುವಿಗೆ ಒಂದು ನೋಟ್‌ಬುಕ್ಕಿನ ಮೂಲೆಯಲ್ಲಿ 12 ಹಾಳೆಗೆ ಒಂದು ಚೆಂಡು ಪುಟಿಯುವುದನ್ನು ಬರೆಸಿ, ಹಾಳೆಗಳನ್ನು ಹೆಬ್ಬೆರಳಿನಲ್ಲಿ ಸರ್ರನೆ ಬಿಡಿಸಿ. ಚೆಂಡು ನೆಲ ಮುಟ್ಟುವ ಹಾಳೆಯಲ್ಲಿ ಚಪ್ಪಟೆ, ಮೇಲೇರುವಾಗ ಉದ್ದ, ತುದಿಯಲ್ಲಿ ಗುಂಡಗೆ. ತುದಿಯ ಹತ್ತಿರ ಚಿತ್ರಗಳು ಒತ್ತೊತ್ತಾಗಿ, ಕೆಳಗೆ ದೂರ ದೂರ. ಎಲ್ಲ ಹಾಳೆಯಲ್ಲೂ ಒಂದೇ ಅಂತರ ಇಟ್ಟರೆ ಚೆಂಡು ತೇಲುತ್ತದೆ, ಪುಟಿಯುವುದಿಲ್ಲ. ಮೈಭಾರದ ಗುಟ್ಟೆಲ್ಲ ಆ ಅಂತರದಲ್ಲಿದೆ.

ಆ ಗುಟ್ಟನ್ನು ಅರೆದು ಕುಡಿದವರು ಡಿಸ್ನಿಯ ಕಲಾವಿದ ಮಿಲ್ಟ್ ಕಾಲ್. ಶೇರ್ ಖಾನ್ ಅವರ ಕೈಯದು. ಅರ್ಧ ಸಿನಿಮಾ ದಾಟಿದ ಮೇಲೆ, ಜಿಂಕೆಗೆ ಹೊಂಚು ಹಾಕುತ್ತಾ ಹುಲಿ ಮೊದಲ ಸಲ ಕಾಣಿಸುತ್ತಾನೆ. ಆ ಅಷ್ಟೂ ಹೊತ್ತು ಎಲ್ಲರೂ ಅವನ ಹೆಸರು ಹೇಳಿ ಹೆದರಿದ್ದಾರೆ, ಆದ್ದರಿಂದ ಬಂದವನು ಗರ್ಜಿಸಬೇಕಾಗಿಲ್ಲ. ಅವನ ತಲೆ ಒಂದೇ ಮಟ್ಟದಲ್ಲಿ ಸಾಗುತ್ತದೆ; ಹೆಗಲ ಮೂಳೆಗಳು ಮಾತ್ರ ಒಂದಾದ ಮೇಲೊಂದು ಏರಿಳಿಯುತ್ತವೆ. ಕಾಫಿ ಕಣದಲ್ಲಿ ಹಲ್ಲಿಗೆ ಹೊಂಚು ಹಾಕುವ ಮನೆಬೆಕ್ಕಿನ ನಡಿಗೆಯೇ ಇದು, ತೂಕ ಮಾತ್ರ ಬೇರೆ. ಪಂಜ ನೆಲಕ್ಕೆ ಊರಿದ ಮೇಲೆ ಮೈಯ ಭಾರ ಅದರ ಮೇಲೆ ಬರುವುದು ಒಂದು ಕ್ಷಣ ತಡವಾಗಿ. ಆ ತಡದಿಂದಲೇ ಈ ಪ್ರಾಣಿ ಇಷ್ಟು ಭಾರ ಎಂದು ಕಣ್ಣಿಗೆ ಗೊತ್ತಾಗುವುದು. ಡಿಸ್ನಿಯದೇ ಹಳೆಯ ಸಿನಿಮಾಗಳಲ್ಲಿ ಇದ್ದ ನಿಜವಾದ ಹುಲಿ, ಕಾಡುಬೆಕ್ಕುಗಳ ದೃಶ್ಯ ನೋಡಿ ಕಾಲ್ ಈ ಚಲನೆ ಹಿಡಿದರು.

ಮುಂದೆ ಹೆಬ್ಬಾವು ಕಾ ಮರದ ಮೇಲೆ ಹುಡುಗನನ್ನು ಸುತ್ತಿಕೊಂಡು ಕೂತಿರುವಾಗ ಹುಲಿ ಕೆಳಗಿನಿಂದ ಅದರ ಬಾಲ ಎಳೆದು ಕರೆಯುತ್ತಾನೆ, ಮನೆಗೆ ಬಂದ ನೆಂಟ ಗಂಟೆ ಬಾರಿಸಿದಷ್ಟು ಮರ್ಯಾದೆಯಿಂದ. ಮಾತೆಲ್ಲ ಸಭ್ಯ, ದನಿ ತಗ್ಗು, ಹಾವೇ ಬೆವರುತ್ತದೆ. ದನಿ ಕೊಟ್ಟ ಜಾರ್ಜ್ ಸ್ಯಾಂಡರ್ಸ್ ಎಂಬ ನಟನ ಮುಖಚಹರೆಯೂ ಹುಲಿಯ ಮುಖಕ್ಕೆ ಇಳಿದಿದೆ. ಕೊನೆಯಲ್ಲಿ ಹುಡುಗ ಎದುರು ನಿಂತಾಗ ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸುತ್ತೇನೆ, ಓಡು ಅನ್ನುತ್ತಾನೆ. ಹುಡುಗ ಓಡುವುದಿಲ್ಲ. ಸಿನಿಮಾದಲ್ಲಿ ಹುಲಿಯ ಗತ್ತು ಮೊದಲ ಸಲ ಬಿರುಕು ಬಿಡುವುದು ಅಲ್ಲಿ, ಎಣಿಕೆಯ ನಡುವೆ. ಮುಖದ ಮೇಲೆ ಕಣ್ಣಿಡಿ.

ಬಲೂ ಇದಕ್ಕೆ ಪೂರ್ತಿ ವಿರುದ್ಧ. ಇವನ ಭಾರ ಸಡಿಲ. ಹೊಟ್ಟೆ ಒಂದು ಕಡೆ ತೂಗಿದರೆ ಸೊಂಟ ಇನ್ನೊಂದು ಕಡೆ. ಹಾಡುತ್ತಾ ಹಾಡುತ್ತಾ ಬೆನ್ನು ಕೆರೆಯುತ್ತದೆ, ಮರಕ್ಕೆ ಉಜ್ಜುತ್ತಾನೆ, ಸಾಲದೆ ಮರವನ್ನೇ ಕಿತ್ತುಕೊಂಡು ಉಜ್ಜುತ್ತಾನೆ. ಮೈಯ ಒಂದೊಂದು ಭಾಗವೂ ಬೇರೆ ಬೇರೆ ಹೊತ್ತಿಗೆ ಅಲುಗಿ ಬೇರೆ ಬೇರೆ ಹೊತ್ತಿಗೆ ನಿಲ್ಲುವುದನ್ನು ಗಮನಿಸಿ. ಬಲೂ ಮತ್ತು ಹುಡುಗನ ಒಡನಾಟದ ಬಹುಪಾಲನ್ನು ಬರೆದವರು ಆಲಿ ಜಾನ್ಸ್ಟನ್ ಮತ್ತು ಫ್ರಾಂಕ್ ಥಾಮಸ್; ಹುಡುಗ ಕರಡಿಯ ಹೊಟ್ಟೆಯ ಮೇಲೆ ಕೂತು ಹೊಳೆಯಲ್ಲಿ ತೇಲುವ ದೃಶ್ಯದಲ್ಲಿ ಏನೂ ನಡೆಯುವುದಿಲ್ಲ, ಆದರೂ ಇಡೀ ಸಿನಿಮಾದ ಪ್ರೀತಿ ಅಲ್ಲಿದೆ. ಕಥೆ ಹೇಳಲಾರದ್ದನ್ನು ಮೈ ಹೇಳುತ್ತದೆ. ಹುಡುಗನಿಗೆ ದನಿ ಕೊಟ್ಟವನು ನಿರ್ದೇಶಕರ ಮಗ ಬ್ರೂಸ್. ನಟನೆ ಕಲಿತ ಮಗುವಿನ ದನಿಯಂತೆ ಕೇಳುವುದಿಲ್ಲ, ಅದೇ ಚೆಂದ.

ಜಿಪುಣತನವೂ ಕಾಣುತ್ತದೆ, ಮುಚ್ಚಿಡುವುದೇಕೆ. ತೋಳದ ಮರಿಗಳು ಹುಡುಗನ ಮುಖ ನೆಕ್ಕುವ ಭಾಗ 1963ರ ‘ದಿ ಸ್ವೋರ್ಡ್ ಇನ್ ದಿ ಸ್ಟೋನ್’ ಸಿನಿಮಾದಲ್ಲಿ ನಾಯಿಗಳು ನೆಕ್ಕಿದ ಅದೇ ಚಲನೆಯ ಮರುಬಳಕೆ. ಇಲ್ಲಿನ ಕುಣಿತ 1973ರ ‘ರಾಬಿನ್ ಹುಡ್’ಗೆ ಮತ್ತೆ ಹೋಗಿದೆ. ಹಳೆಯ ಚಿತ್ರದ ಮೇಲೆ ಹೊಸ ಪಾತ್ರ ಬರೆಯುವುದು ರೈಥರ್‌ಮನ್ ಅವರ ಅಭ್ಯಾಸ. ಗೊತ್ತಿಲ್ಲದವರಿಗೆ ಕಾಣುವುದಿಲ್ಲ, ಎರಡನ್ನೂ ನೋಡಿದ ಮಗು ಮಾತ್ರ ಕೇಳೇ ಕೇಳುತ್ತದೆ.

ಇಷ್ಟೆಲ್ಲ ಕೆಲಸ ನಮ್ಮ ಮನೆಯ ಟಿವಿಯಲ್ಲಿ ಹಾಳಾಗುವುದು ಸೆಟ್ಟಿಂಗಿನಿಂದ. ಹೊಸ ಎಲ್‌ಇಡಿ ಟಿವಿಗಳು ಅಂಗಡಿಯಿಂದ ಬರುವಾಗಲೇ ಚಲನೆಯನ್ನು ನುಣುಪು ಮಾಡುವ ಆಯ್ಕೆ ಚಾಲೂ ಇಟ್ಟುಕೊಂಡು ಬರುತ್ತವೆ. ಸೋನಿಯಲ್ಲಿ ಅದು ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್. ಕ್ರಿಕೆಟ್ಟಿಗೆ ಸರಿ. ಕೈಬರಹದ ಚಿತ್ರಕ್ಕೆ ವಿಷ: ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರವನ್ನು ಟಿವಿಯೇ ಊಹಿಸಿ ತುರುಕುತ್ತದೆ, ಕರಡಿಯ ಕೈ ಸುತ್ತ ನೆರಳಿನಂಥ ಕಲೆ ಏಳುತ್ತದೆ, ಕಲಾವಿದ ಲೆಕ್ಕ ಹಾಕಿ ಇಟ್ಟ ಅಂತರ ಎಲ್ಲ ಕಲಸಿಹೋಗುತ್ತದೆ. ಸೆಟ್ಟಿಂಗ್ಸ್, ಪಿಕ್ಚರ್ ಒಳಗೆ ಹೋಗಿ ಅದನ್ನು ಆಫ್ ಮಾಡಿ. ಅಲ್ಲೇ ‘ನಾಯ್ಸ್ ರಿಡಕ್ಷನ್’ ಸಹ ಆಫ್. ಅದು ಪೆನ್ಸಿಲ್ ಗೆರೆಯನ್ನು ಕೊಳೆ ಎಂದುಕೊಂಡು ಒರೆಸಿಬಿಡುತ್ತದೆ. ಶಾರ್ಪ್‌ನೆಸ್ ಅರ್ಧಕ್ಕಿಂತ ಕೆಳಗೆ. ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್ ಇದ್ದರೆ ಅದನ್ನೇ ಹಾಕಿ, ಬಣ್ಣ ಮೊದಲಿಗೆ ಮಂಕು ಅನಿಸಿದರೂ ಐದು ನಿಮಿಷದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ರಾತ್ರಿ ಕಾಡಿನ ದೃಶ್ಯಗಳಲ್ಲಿ ಕರಿಚಿರತೆ ಬಗೀರ ಕತ್ತಲೆಯಲ್ಲಿ ಕರಗಬಾರದು. ಕರಗಿದರೆ ‘ಡೈನಾಮಿಕ್ ಕಾಂಟ್ರಾಸ್ಟ್’ ಕೂಡ ತೆಗೆಯಿರಿ.

ಚೌಕದ ಅಳತೆ ಇನ್ನೊಂದು. ಹಳೆಯ ಡಿಸ್ಕುಗಳಲ್ಲಿ 4:3 ಅಳತೆಯ ಚಿತ್ರ ಇರುತ್ತದೆ. ಚಿತ್ರಮಂದಿರದಲ್ಲಿ ಅದರ ಮೇಲಿನ, ಕೆಳಗಿನ ಅಂಚು ಮುಚ್ಚಿ 1.75:1ರಲ್ಲಿ ತೋರಿಸಲಾಗಿತ್ತು. ಎರಡೂ ನೋಡಬಹುದಾದವೇ. 4:3 ಚಿತ್ರವನ್ನು ಟಿವಿ ‘ಫುಲ್’ ಅಂತ ಅಡ್ಡಕ್ಕೆ ಎಳೆದರೆ ಮಾತ್ರ ಬಲೂ ಇನ್ನಷ್ಟು ಊದಿಕೊಳ್ಳುತ್ತಾನೆ, ಹುಲಿಯ ನಡಿಗೆ ಕೆಡುತ್ತದೆ. ‘ಒರಿಜಿನಲ್’ ಆಯ್ಕೆ ಮಾಡಿ ಎರಡೂ ಬದಿ ಕಪ್ಪು ಪಟ್ಟಿ ಬಿಡಿ. ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಸೆಕೆಂಡಿಗೆ 25 ಫ್ರೇಮು ಓಡುವುದರಿಂದ ಸಿನಿಮಾ ಸುಮಾರು 75 ನಿಮಿಷಕ್ಕೆ ಮುಗಿಯುತ್ತದೆ, ದನಿ ತುಸು ಏರುತ್ತದೆ. ಏನೋ ಕತ್ತರಿಸಿದ್ದಾರೆ ಅಂತ ಅಂಗಡಿಯವರ ಹತ್ತಿರ ಜಗಳಕ್ಕೆ ಹೋಗಬೇಡಿ.

ಹಾಡುಗಳ ಬಗ್ಗೆ. ‘ದಿ ಬೇರ್ ನೆಸೆಸಿಟೀಸ್’ ಟೆರಿ ಗಿಲ್ಕಿಸನ್ ಬರೆದದ್ದು, ಆಸ್ಕರ್ ನಾಮನಿರ್ದೇಶನ ಪಡೆದದ್ದು. ಉಳಿದವು ರಿಚರ್ಡ್ ಮತ್ತು ರಾಬರ್ಟ್ ಶರ್ಮನ್ ಸಹೋದರರವು. ಮಂಗಗಳ ರಾಜ ಲೂಯಿಗೆ ದನಿ ಕೊಟ್ಟ ಲೂಯಿ ಪ್ರೀಮಾ ಜಾಝ್ ಕಹಳೆಗಾರ, ಗಾಯಕ. ಆ ಹಾಡಿನ ನಡುವೆ ಕರಡಿ ಮತ್ತು ಲೂಯಿ ಅರ್ಥವಿಲ್ಲದ ಅಕ್ಷರಗಳಲ್ಲಿ ಸವಾಲು-ಜವಾಬು ನಡೆಸುತ್ತಾರೆ. ಇಂಗ್ಲಿಷು ಬಾರದ ಮಗು ಆ ಜಾಗದಲ್ಲಿ ದೊಡ್ಡವರಿಗಿಂತ ಚೆನ್ನಾಗಿ ಸೇರಿಕೊಳ್ಳುತ್ತದೆ, ಯಾಕೆಂದರೆ ಅಲ್ಲಿ ಅರ್ಥ ಮಾಡಿಕೊಳ್ಳಲು ಏನೂ ಇಲ್ಲ, ಲಯ ಹಿಡಿದರೆ ಸಾಕು. ಮನುಷ್ಯನಾಗಲು ಹಂಬಲಿಸುವ ಜಾಝ್ ಮಂಗ ಎಂಬ ಕಲ್ಪನೆಗೆ ಅಮೆರಿಕದಲ್ಲಿ ಜನಾಂಗೀಯ ಟೀಕೆಯೂ ಬಂದಿದೆ, ಅದರಲ್ಲಿ ಹುರುಳಿದೆ. ಹೈಸ್ಕೂಲಿನ ಮಕ್ಕಳ ಜೊತೆ ನೋಡುವಾಗ ಮಾತಾಡಬಹುದಾದ ವಿಷಯ.

ಮಾತು ಅರ್ಥವಾಗದ ಮಕ್ಕಳಿಗೆ ಉದ್ದಕ್ಕೂ ಅನುವಾದ ಮಾಡುತ್ತಾ ಕೂರಬೇಡಿ. ಶುರುವಾಗುವ ಮೊದಲು ಇಷ್ಟು ಹೇಳಿದರೆ ಸಾಕು: “ಈ ಹುಡುಗ ಮೋಗ್ಲಿ, ತೋಳಗಳು ಸಾಕಿದ್ದು. ಹುಲಿಗೆ ಮನುಷ್ಯರನ್ನ ಕಂಡ್ರೆ ಆಗಲ್ಲ, ಯಾಕಂದ್ರೆ ಅವನಿಗೆ ಎರಡೇ ಭಯ, ಬಂದೂಕು ಮತ್ತೆ ಬೆಂಕಿ. ಕರಿಚಿರತೆ ಇವನನ್ನ ಊರಿಗೆ ಬಿಡೋಕೆ ಹೊರಟಿದೆ. ಇವನಿಗೆ ಕಾಡು ಬಿಡೋಕೆ ಇಷ್ಟ ಇಲ್ಲ.” ಬೆಂಕಿಯ ಮಾತನ್ನು ಮಾತ್ರ ಬಿಡಬೇಡಿ. ಮಂಗರಾಜ ಹುಡುಗನನ್ನು ಯಾಕೆ ಹೊತ್ತು ತರಿಸಿದ, ಕೊನೆಯಲ್ಲಿ ಸಿಡಿಲು ಬಡಿದ ಮರದ ಕೊಂಬೆಗೆ ಯಾಕೆ ಅಷ್ಟು ಬೆಲೆ, ಎರಡಕ್ಕೂ ಅದೇ ಕೀಲಿ. ಹಾಡು ನಡೆಯುವಾಗ ಬಾಯಿ ಬಿಡಬೇಡಿ. ಬಿಡುವು ಬೇಕಿದ್ದರೆ ಮಂಗಗಳ ಪಾಳು ಅರಮನೆ ಕುಸಿದು ರಾತ್ರಿಯಾದ ಜಾಗ ಸರಿ; ಅಲ್ಲಿಗೆ ಅರ್ಧ ಮುಗಿದಿರುತ್ತದೆ.

ನಮ್ಮ ಕಡೆಯ ಮಕ್ಕಳು ಬೆಂಗಳೂರಿನ ಮಕ್ಕಳು ಕೇಳದ ಪ್ರಶ್ನೆಗಳನ್ನು ಕೇಳುತ್ತಾರೆ. ಕೇಳಬೇಕು ಕೂಡ.

ಎಲ್ಲಕ್ಕಿಂತ ಮುಖ್ಯ ಆನೆ. ಸಿನಿಮಾದಲ್ಲಿ ಕರ್ನಲ್ ಹಾಥಿ ಎಂಬ ಗಂಡಾನೆ ಮುಂದೆ, ದಂಡು ಹಿಂದೆ, ಬ್ರಿಟಿಷ್ ಸೈನ್ಯದ ಕವಾಯತು. ಹುಡುಗ ನಾಲ್ಕು ಕಾಲಲ್ಲಿ ಮರಿಯಾನೆಯ ಹಿಂದೆ ಸೇರಿಕೊಂಡು ಆಡುತ್ತಾನೆ. ನೋಡಲು ಸೊಗಸು. ಆದರೆ ಆನೆ ಹಿಂಡನ್ನು ನಡೆಸುವುದು ವಯಸ್ಸಾದ ಹೆಣ್ಣಾನೆ. ದೊಡ್ಡ ಗಂಡುಗಳು ಬಹುತೇಕ ಒಂಟಿ, ಇಲ್ಲವೇ ತಮ್ಮದೇ ಸಣ್ಣ ಗುಂಪು. ಮರಿ ಇರುವ ಹಿಂಡು ಎಲ್ಲಕ್ಕಿಂತ ಅಪಾಯದ್ದು. ಆಲೂರು, ಸಕಲೇಶಪುರ, ಬೇಲೂರಿನ ತೋಟಗಳ ಮಕ್ಕಳಿಗೆ ಇದು ಕಥೆಯಲ್ಲ, ಶಾಲೆಗೆ ಹೋಗುವ ದಾರಿ. 2023ರ ಡಿಸೆಂಬರ್‌ನಲ್ಲಿ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಪ್ರಾಣ ಬಿಟ್ಟದ್ದು ಅವರಿಗೆ ಗೊತ್ತು. ಈ ದೃಶ್ಯ ಮುಗಿದ ಕೂಡಲೇ ಒಂದು ಮಾತು ಸ್ಪಷ್ಟವಾಗಿ ಹೇಳಿ: ಮರಿಯಾನೆ ಕಂಡರೆ ತಾಯಿ ಹತ್ತಿರದಲ್ಲೇ ಇರುತ್ತದೆ, ನೋಡಲು ನಿಲ್ಲಬಾರದು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಕಿಪ್ಲಿಂಗರ ಪುಸ್ತಕದ ಹಾಥಿ ಬೇರೆಯೇ: ಕಡಿಮೆ ಮಾತು, ಕಾಡೆಲ್ಲ ಗೌರವಿಸುವ ಹಿರಿಯ. ಆ ಘನತೆ ಸಿನಿಮಾದಲ್ಲಿ ಪೂರ್ತಿ ಕಳೆದುಹೋಗಿದೆ. ಇಡೀ ರೂಪಾಂತರದಲ್ಲಿ ದೊಡ್ಡ ನಷ್ಟ ಇದೇ.

ಕರಡಿ ಅಮೆರಿಕದ ಕರಡಿಯಂತಿದೆ. ಬೂದು ಬಣ್ಣ, ಗಿಡ್ಡ ಮೂತಿ. ಅರಸೀಕೆರೆ ಕಡೆಯ ಬೋಳುಗುಡ್ಡಗಳ ಕರಡಿ ಕಪ್ಪು, ಕೆದರಿದ ರೋಮ, ಎದೆಯ ಮೇಲೆ ಬಿಳಿ ಪಟ್ಟೆ, ಉದ್ದ ಉಗುರು. ಒಂದು ವಿಷಯ ಮಾತ್ರ ಅಚ್ಚುಕಟ್ಟಾಗಿ ಹೊಂದಿದೆ: ಬಲೂ ಕಲ್ಲು ಎತ್ತಿ ಇರುವೆ ಹುಡುಕುತ್ತಾನಲ್ಲ, ನಮ್ಮ ಕರಡಿಯ ಮುಖ್ಯ ಊಟವೂ ಗೆದ್ದಲು, ಇರುವೆ, ಜೇನು, ಹಣ್ಣು. ಅದಕ್ಕೆ ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇರುವುದಿಲ್ಲ, ಆ ಸಂದಿಯಿಂದ ಗೆದ್ದಲನ್ನು ಸರ್ರನೆ ಹೀರುತ್ತದೆ. ಇದನ್ನು ಹೇಳಿದರೆ ಮಕ್ಕಳು ಹಾಡನ್ನು ಎರಡನೇ ಸಲ ಬೇರೆ ಕಣ್ಣಿಂದ ನೋಡುತ್ತಾರೆ. ಜೊತೆಗೆ, ಎದುರಿಗೆ ದಿಢೀರನೆ ಸಿಕ್ಕಿದರೆ ಕರಡಿ ಓಡುವುದಿಲ್ಲ, ಮೇಲೆ ಬೀಳುತ್ತದೆ. ಗುಡ್ಡದ ದಾರಿಯಲ್ಲಿ ಮಾತಾಡುತ್ತಾ ನಡೆಯಬೇಕು ಎನ್ನುವುದನ್ನೂ ಹೇಳಿ.

ರಾಜ ಲೂಯಿ ಒರಾಂಗುಟಾನ್. ಅದು ಇರುವುದು ಬೋರ್ನಿಯೊ ಮತ್ತು ಸುಮಾತ್ರಾ ದ್ವೀಪಗಳಲ್ಲಿ, ಭಾರತದ ಯಾವ ಕಾಡಿನಲ್ಲೂ ಇಲ್ಲ. ಪುಸ್ತಕದಲ್ಲಿ ಈ ಪಾತ್ರವೇ ಇಲ್ಲ. ಅಲ್ಲಿನ ಮಂಗಗಳಿಗೆ ರಾಜನೂ ಇಲ್ಲ, ಕಾನೂನೂ ಇಲ್ಲ, ಹಿಡಿದ ಕೆಲಸ ಮುಗಿಸುವ ನೆನಪೂ ಇಲ್ಲ. ಕಾ ಪುಸ್ತಕದಲ್ಲಿ ಹುಡುಗನ ಗೆಳೆಯ, ಅವನನ್ನು ಮಂಗಗಳಿಂದ ಬಿಡಿಸುವವನು. ಸಿನಿಮಾದಲ್ಲಿ ಖಳ, ಸುರುಳಿ ಕಣ್ಣಿನಿಂದ ಮಂಕು ಕವಿಸುವವನು. ಹೆಬ್ಬಾವಿಗೆ ಅಂಥ ಶಕ್ತಿ ಇಲ್ಲ, ವಿಷವೂ ಇಲ್ಲ. ಸುತ್ತಿ ಬಿಗಿದು ಕೊಲ್ಲುತ್ತದೆ. ಹಾವು ಕಣ್ಣಲ್ಲಿ ಕಣ್ಣಿಟ್ಟರೆ ಮರುಳಾಗುತ್ತೇವೆ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಈಗಲೂ ಇದೆ, ಅದಕ್ಕೆ ಈ ಸಿನಿಮಾ ನೀರೆರೆಯದಂತೆ ನೋಡಿಕೊಳ್ಳಿ.

ಬಗೀರ ಬೇರೆ ಜಾತಿಯ ಪ್ರಾಣಿಯಲ್ಲ, ಕಪ್ಪು ಹೆಚ್ಚಾಗಿ ಹುಟ್ಟಿದ ಚಿರತೆ. ಪಶ್ಚಿಮ ಘಟ್ಟದಂಥ ತೇವದ ದಟ್ಟ ಕಾಡಿನಲ್ಲಿ ಇಂಥವು ಕಾಣಸಿಗುತ್ತವೆ. ಓರೆ ಬಿಸಿಲಿನಲ್ಲಿ ಮೈಮೇಲಿನ ಹೂಚುಕ್ಕೆ ಕಾಣುತ್ತದೆ. ಕಿಪ್ಲಿಂಗ್ ಇದನ್ನು ಸರಿಯಾಗಿ ಬರೆದಿದ್ದಾರೆ, ಸಿನಿಮಾದವರು ಬಿಟ್ಟಿದ್ದಾರೆ. ಪ್ರತಿ ಚಿತ್ರಕ್ಕೂ ಚುಕ್ಕೆ ಬರೆಯುವ ಕಷ್ಟ ನೆನೆದರೆ ಕ್ಷಮಿಸಬಹುದು. ತೋಳ ಬಯಲಿನ ಪ್ರಾಣಿ. ಮುತ್ತೋಡಿಯಲ್ಲಿ ಮಕ್ಕಳು ನೋಡಬಹುದಾದದ್ದು ಕೆಂಪು ಸೀಳುನಾಯಿ. 1895ರ ಎರಡನೇ ಪುಸ್ತಕದಲ್ಲಿ ಅವುಗಳ ದೊಡ್ಡ ದಂಡು ಬರುವ ಕಥೆಯೇ ಇದೆ, ಹನ್ನೆರಡು ದಾಟಿದವರು ಓದಬಹುದು. ರಣಹದ್ದುಗಳನ್ನು ಇಲ್ಲಿ ಒಳ್ಳೆಯ ಗೆಳೆಯರಾಗಿ ತೋರಿಸಿರುವುದು ನನಗೆ ಬಹಳ ಇಷ್ಟ. ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ಈ ಹಕ್ಕಿಗಳ ಮೂತ್ರಪಿಂಡ ಕೆಡಿಸಿ ಕೋಟಿಗಟ್ಟಲೆ ಕೊಂದಿತು; 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಲಾಯಿತು. ತೆರೆಯ ಮೇಲೆ ಅವು ಹಾಡುವಾಗ ಇದನ್ನು ಹೇಳದೆ ಇರುವುದು ಕಷ್ಟ.

ಮಕ್ಕಳು ಹೆದರುವ, ಅಳುವ ಜಾಗಗಳು ಮೂರು. ಕಾ ಮೊದಲ ಸಲ ರಾತ್ರಿ ಮರದ ಮೇಲೆ ಸುತ್ತುವುದು. ಇದು ನಗುವಿನಲ್ಲಿ ಮುಗಿಯುವುದರಿಂದ ತೊಂದರೆ ಇಲ್ಲ. ಹುಲಿಯ ಜೊತೆಗಿನ ಕೊನೆಯ ಕಾದಾಟ. ಆಮೇಲೆ ಮಳೆಯಲ್ಲಿ ಬಲೂ ಅಲುಗದೆ ಬಿದ್ದಿರುವುದು. ಮೂರನೆಯದು ನಿಜಕ್ಕೂ ಗಟ್ಟಿ. ಬಗೀರ ಸತ್ತವರ ಬಗ್ಗೆ ಆಡುವ ಮಾತನ್ನೇ ಆಡುತ್ತದೆ. ಐದಕ್ಕಿಂತ ಚಿಕ್ಕವರ ಕಿವಿಯಲ್ಲಿ “ಏಳ್ತಾನೆ, ನೋಡ್ತಾ ಇರು” ಅಂತ ಮೊದಲೇ ಹೇಳಿಬಿಡಿ. ದೊಡ್ಡ ಮಕ್ಕಳಿಗೆ ಹೇಳಬೇಡಿ, ಅವರ ಪಾಲಿನದನ್ನು ಕಿತ್ತುಕೊಂಡಂತಾಗುತ್ತದೆ.

ಇನ್ನು ಕೊನೆಯ ಹುಡುಗಿ. ಹೊಳೆಗೆ ನೀರಿಗೆ ಬಂದವಳು ಹಾಡುತ್ತಾಳೆ: ಅಪ್ಪ ಬೇಟೆಗೆ, ಅಮ್ಮ ಅಡುಗೆಗೆ, ನಾನು ನೀರಿಗೆ, ಮುಂದೆ ನನಗೂ ಗಂಡ ಸಿಗುತ್ತಾನೆ, ನನ್ನ ಮಗಳೂ ನೀರಿಗೆ ಬರುತ್ತಾಳೆ. ಆಮೇಲೆ ಬೇಕೆಂದೇ ಕೊಡ ಬೀಳಿಸುತ್ತಾಳೆ, ಮೋಗ್ಲಿ ನೀರು ತುಂಬಿ ಹೊತ್ತು ಹಿಂದೆ ಹೋಗುತ್ತಾನೆ. ಕಥೆಯಾಗಿ ಇದು ಅವಸರದ ಮುಕ್ತಾಯ. ಇಷ್ಟು ಹೊತ್ತು ಕಾಡು ಬಿಡೆನೆಂದು ಹಟ ಹಿಡಿದವನು ಒಂದು ನಗುವಿಗೆ ಹೊರಟುಬಿಡುತ್ತಾನೆ. ಚಿತ್ರವಾಗಿ ಮಾತ್ರ ಅವನ ತಬ್ಬಿಬ್ಬಾದ ಮುಖ, ಗೆಳೆಯರ ಕಡೆ ತಿರುಗಿ ಭುಜ ಹಾರಿಸುವ ರೀತಿ ಎಲ್ಲ ಮಾತನ್ನೂ ಹೇಳಿಬಿಡುತ್ತವೆ. ಹಾಡಿನ ಮಾತು ಅರ್ಥವಾಗುವ ಹೆಣ್ಣುಮಕ್ಕಳ ಜೊತೆ ನೋಡುತ್ತಿದ್ದರೆ, ನೀರು ತರುವುದು ಯಾರ ಕೆಲಸ ಎಂದು ಅವರನ್ನೇ ಕೇಳಿ. ಉತ್ತರ ಅವರ ಹತ್ತಿರ ಇರುತ್ತದೆ.

ನೋಡುವ ವ್ಯವಸ್ಥೆ. ಡಿಸ್ನಿ ಸಿನಿಮಾಗಳು ನಮ್ಮಲ್ಲಿ ಜಿಯೋಹಾಟ್‌ಸ್ಟಾರ್ ಮೂಲಕ ಬರುತ್ತವೆ. ಭಾಷೆಯ ಆಯ್ಕೆಗಳನ್ನು ಆಡಿಯೋ ಗುಂಡಿ ಒತ್ತಿ ನೋಡಿಕೊಳ್ಳಿ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಒಳಹಳ್ಳಿಗಳಲ್ಲಿ ನೆಟ್‌ವರ್ಕ್ ನಂಬಿ ಕೂತರೆ ಹುಲಿ ಬರುವ ಹೊತ್ತಿಗೆ ಚಕ್ರ ತಿರುಗತೊಡಗುತ್ತದೆ. ಪೇಟೆಗೆ ಹೋದಾಗ ಮೊಬೈಲಿಗೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಆದರೆ ಮೊಬೈಲಿನಿಂದ ವೈರ್ ಹಾಕಿ ಹಳೆಯ ಪ್ರೊಜೆಕ್ಟರಿಗೆ ಕೊಟ್ಟಾಗ ದನಿ ಬಂದು ಚಿತ್ರ ಕಪ್ಪಾದರೆ ಅದು ವೈರ್ ಕೆಟ್ಟಿದ್ದಲ್ಲ, ಕೃತಿಸ್ವಾಮ್ಯದ ಬೀಗ. ಹಿಂದಿನ ದಿನವೇ ಐದು ನಿಮಿಷ ಓಡಿಸಿ ನೋಡಿ. ಆಗದಿದ್ದರೆ ಡಿಸ್ಕ್ ಹೆಚ್ಚು ನಂಬಿಕೆಯದು.

ಕರೆಂಟಿನ ಲೆಕ್ಕ: ಎಲ್‌ಇಡಿ ಪ್ರೊಜೆಕ್ಟರಿಗೆ ಸುಮಾರು 200 ವ್ಯಾಟ್, ಲ್ಯಾಪ್‌ಟಾಪು, ಸ್ಪೀಕರಿಗೆ ಇನ್ನೊಂದು 100. 78 ನಿಮಿಷಕ್ಕೆ 400 ವ್ಯಾಟ್-ಅವರ್‌ಗಿಂತ ಕಡಿಮೆ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಶಕ್ತಿ ಲೆಕ್ಕ ಹಿಡಿದರೂ 900 ಇರುತ್ತದೆ, ಮನೆಯ ಫ್ಯಾನು, ಮಿಕ್ಸಿ ಆಫ್ ಮಾಡಿದರೆ ಸಾಕು. ಹಳೆಯ ಲ್ಯಾಂಪಿನ ಪ್ರೊಜೆಕ್ಟರ್ ಆದರೆ ಇನ್ವರ್ಟರ್ ಇಲ್ಲದೆ ಹಾಕಲೇಬೇಡಿ: ಕರೆಂಟು ಹೋದಾಗ ಫ್ಯಾನ್ ನಿಂತು ಕಾದ ಲ್ಯಾಂಪ್ ತಣಿಯುವುದಿಲ್ಲ, ಬಂದ ಕೂಡಲೇ ಮತ್ತೆ ಹಾಕಿದರೆ ಅದು ಹೋಗುವ ಸಂಭವ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್ ತನಕ ಶೀಟಿನ ಮಾಡಿನ ಕೆಳಗೆ ತೋರಿಸುವ ಯೋಚನೆ ಬಿಡಿ, ಮಳೆ ಹೊಡೆತಕ್ಕೆ ಹುಲಿಯ ತಗ್ಗುದನಿ ಒಂದಕ್ಷರ ಕೇಳಿಸುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಸಂಜೆ ಏಳಕ್ಕೆ ಶುರು ಮಾಡಿದರೆ ಕತ್ತಲೆಯೂ ಸರಿ, ಮಕ್ಕಳು ಊಟದ ಹೊತ್ತಿಗೆ ಮನೆಗೂ ಸೇರುತ್ತಾರೆ.

ಶಾಲೆಯಲ್ಲಿ ತೋರಿಸುವವರು ಒಂದನ್ನು ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರ ಎದುರು ಮಾತ್ರ ಸಿನಿಮಾ ತೋರಿಸಲು ವಿನಾಯಿತಿ ಇದೆ. ಆ್ಯಪಿನ ಚಂದಾದ ನಿಯಮ ಬೇರೆ; ಅದು ಮನೆಬಳಕೆಗೆ. ಹಾಗಾಗಿ ಶಾಲೆಗೆ ಅಸಲಿ ಡಿಸ್ಕ್ ಕೊಳ್ಳುವುದು ನೇರ ದಾರಿ. ಹೋಂಸ್ಟೇ ಅಂಗಳದಲ್ಲಿ ಅತಿಥಿಗಳಿಗೆ ಹಾಕುವುದು, ಊರಹಬ್ಬಕ್ಕೆ ಪರದೆ ಕಟ್ಟುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ, ಅದಕ್ಕೆ ಹಕ್ಕುದಾರರ ಪರವಾನಗಿ ಬೇಕು.